ಬೆನ್ನು, ಬೆನ್ನೆಲುಬು, ಬೆಂಬಲ

ಕನ್ನಡದಲ್ಲಿ ಬೆನ್ನು ಬರದ ದಿನವಿಲ್ಲ. ಪಾಸಾದ ಹುಡುಗನ ಬೆನ್ನು ತಟ್ಟುತ್ತೇವೆ. ಸಾಲ ಕೊಟ್ಟವನು ಬೆನ್ನು ಬಿದ್ದಿದ್ದಾನೆ ಎಂದು ಗೊಣಗುತ್ತೇವೆ. ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟ ಬೆನ್ನಲ್ಲೇ ಇನ್ನೊಬ್ಬರ ಹೆಸರು ತೇಲಿಬರುತ್ತದೆ. ತನ್ನ ನಂತರ ಹುಟ್ಟಿದ ತಮ್ಮನನ್ನು ಅಕ್ಕ ನನ್ನ ಬೆನ್ನಿಗೆ ಬಿದ್ದವನು ಎಂದು ಪರಿಚಯಿಸುತ್ತಾಳೆ. ಪುಸ್ತಕಕ್ಕೆ ಮುನ್ನುಡಿ ಬರೆಯಲು ಪುರುಸೊತ್ತಿಲ್ಲದ ಹಿರಿಯರು ಬೆನ್ನುಡಿ ಬರೆದುಕೊಟ್ಟು ಪಾರಾಗುತ್ತಾರೆ. ಇವು ಕಣ್ಣಿಗೆ ಕಾಣುವ ಬೆನ್ನುಗಳು. ಸಂಧಿಯೊಳಗೆ ಅಡಗಿ ಕೂತವು ಬೇರೆ ಇವೆ: ಬೆಂಬಲ, ಬೆಂಗಾವಲು, ಬೆಂಬತ್ತು, ಬೆಂಬಿಡು. ವಿಧಾನಸೌಧದಲ್ಲಿ ಬೆಂಬಲ ವಾಪಸು ಪಡೆದರು ಎಂದು ಓದುವಾಗ ನಮಗೆ ಯಾರ ಬೆನ್ನೂ ನೆನಪಾಗುವುದಿಲ್ಲ. ಆದರೆ ಆ ಮಾತಿನ ಮೊದಲರ್ಧ ಬೆನ್ನೇ.

ಇವನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬೆನ್ನು ನನ್ನದು, ಕೆಲಸ ಮಾತ್ರ ಇನ್ನೊಬ್ಬರದು. ತಟ್ಟುವವರು, ಸವರುವವರು, ಕಾಯುವವರು, ಅಟ್ಟಿಬರುವವರು, ಚೂರಿ ಹಾಕುವವರು ಎಲ್ಲರೂ ಬೇರೆಯವರು. ತನ್ನ ಬೆನ್ನು ತನಗೆ ಕಾಣದು ಎಂದು ಗಾದೆಯೇ ಇದೆ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವವನನ್ನು ಊರು ನಗುತ್ತದೆ. ಅಂದರೆ ನಮ್ಮ ಆಡುಮಾತಿನ ಬೆನ್ನು ಒಬ್ಬನ ಸ್ವಂತ ಆಸ್ತಿಯಲ್ಲ, ಸುತ್ತಲಿನವರ ಜೊತೆಗಿನ ಲೆಕ್ಕಾಚಾರ ನಡೆಯುವ ಜಾಗ.

ಬೆನ್ನೆಲುಬಿನ ಕಥೆ ಬೇರೆ. ಬೆನ್ನುಮೂಳೆ ಇಲ್ಲದ ಅಧಿಕಾರಿ, ಬೆನ್ನೆಲುಬಿರುವ ಪತ್ರಕರ್ತ ಎನ್ನುವಾಗ ನಾವು ಮಾತಾಡುತ್ತಿರುವುದು ಒಬ್ಬಂಟಿಯಾಗಿ, ನೆಟ್ಟಗೆ, ಯಾರಿಗೂ ಬಗ್ಗದೆ ನಿಂತ ಮನುಷ್ಯನ ಬಗ್ಗೆ. ಈ ಅರ್ಥ ಶಾಲೆಯ ಪ್ರಾಣಿಶಾಸ್ತ್ರದ ಪಾಠ ಮತ್ತು ಪತ್ರಿಕೆಗಳ ಸಂಪಾದಕೀಯದ ದಾರಿಯಿಂದ ನಮ್ಮ ಮಾತಿಗೆ ಬಂದು ಸೇರಿತೆಂದು ನನ್ನ ಎಣಿಕೆ. ಹಳ್ಳಿಯ ಜಗಳದಲ್ಲಿ ಗಂಡಸುತನ, ಮೀಸೆ, ಎದೆ, ಗುಂಡಿಗೆ ಎಲ್ಲ ಬರುತ್ತವೆ. ನಿನಗೆ ಬೆನ್ನುಮೂಳೆ ಇದೆಯೇನೋ ಎಂದು ಯಾರೂ ಕೇಳುವುದಿಲ್ಲ. ಒಂದು ಬೆನ್ನು, ಎರಡು ಚಿತ್ರ. ಇವುಗಳಲ್ಲಿ ಯಾವುದು ಮೈಯೊಳಗಿನ ಮೂಳೆಗೆ ಹತ್ತಿರ ಎಂದು ಕೇಳಿಕೊಂಡರೆ ಉತ್ತರ ತುಸು ಅನಿರೀಕ್ಷಿತವಾಗಿದೆ.

ಮೊದಲಿಗೆ ಮೂಳೆಯನ್ನೇ ನೋಡೋಣ. ಅದು ಒಂದು ಮೂಳೆಯಲ್ಲ. ಸಾಮಾನ್ಯವಾಗಿ 33 ಕಶೇರುಮಣಿಗಳು: ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ಒಂದಾಗಿ ಬೆಸೆದುಕೊಂಡ 5, ಕೊನೆಗೆ ಬಾಲದ ನೆನಪಿಗೆ ಉಳಿದ ನಾಲ್ಕು ಚೂರು. ಕತ್ತಿನ ಏಳು ಮಾತ್ರ ಸಸ್ತನಿಗಳಲ್ಲಿ ಹೆಚ್ಚುಕಡಿಮೆ ಕಾನೂನಿನ ಹಾಗೆ. ಇಲಿಗೂ ಏಳು, ತಿಮಿಂಗಿಲಕ್ಕೂ ಏಳು, ಜಿರಾಫೆಗೂ ಏಳೇ. ಸ್ಲಾತ್ ಮತ್ತು ಮ್ಯಾನಟಿ ಎಂಬ ಕಡಲಹಸು ಮಾತ್ರ ಈ ಕಾನೂನಿಗೆ ಸೊಪ್ಪು ಹಾಕಿಲ್ಲ. ಮಣಿಗಳ ನಡುವೆ 23 ಡಿಸ್ಕುಗಳು. ಇವುಗಳ ಒಳಗಿನ ನೀರಿನಂಶ ಹಗಲಿಡೀ ಒತ್ತಡಕ್ಕೆ ಸಿಕ್ಕಿ ಇಳಿದು, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೇ ನಾವೆಲ್ಲ ಬೆಳಿಗ್ಗೆ ಏಳುವಾಗ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ. ಗುರುತ್ವದ ಒತ್ತಡವಿಲ್ಲದ ಬಾಹ್ಯಾಕಾಶದಲ್ಲಿ ಗಗನಯಾನಿಗಳು ನೂರಕ್ಕೆ 3ರಷ್ಟು ಉದ್ದವಾಗುವುದುಂಟು. ಭೂಮಿಗೆ ಮರಳಿದ ಮೇಲೆ ಆ ಎತ್ತರ ಇಳಿಯುತ್ತದೆ, ಕೆಲವರಿಗೆ ಬೆನ್ನುನೋವು ಉಳಿಯುತ್ತದೆ.

ಮುಖ್ಯವಾದದ್ದು ಇದರ ಆಕಾರ. ಬೆನ್ನೆಲುಬು ನೆಟ್ಟಗಿಲ್ಲ. ಬಸುರಿನೊಳಗೆ ಮಗು ಮುದುಡಿಕೊಂಡಿರುವಾಗ ಅದು ಒಂದೇ ಬಾಗು. ಮೂರು ನಾಲ್ಕು ತಿಂಗಳಿಗೆ ಕುತ್ತಿಗೆ ನಿಂತಾಗ ಕತ್ತಿನಲ್ಲಿ ಎದುರು ದಿಕ್ಕಿನ ಬಾಗು ಮೂಡುತ್ತದೆ. ಬೋರಲು ಬಿದ್ದು, ಅಂಬೆಗಾಲಿಟ್ಟು, ಗೋಡೆ ಹಿಡಿದು ನಿಂತು, ಕೈಬಿಟ್ಟು ನಡೆಯುವ ಹೊತ್ತಿಗೆ ಸೊಂಟದಲ್ಲಿ ಇನ್ನೊಂದು. ಮಗುವಿನ ಕುತ್ತಿಗೆ ನಿಂತಿತೇ ಎಂದು ಅಜ್ಜಿಯರು ವಿಚಾರಿಸುವುದು ಬೆನ್ನೆಲುಬಿನ ಮೊದಲ ಪರೀಕ್ಷೆಯ ಫಲಿತಾಂಶವನ್ನೇ. ಪಕ್ಕದಿಂದ ನೋಡಿದರೆ ದೊಡ್ಡವರ ಬೆನ್ನೆಲುಬಿನಲ್ಲಿ ಒಟ್ಟು ನಾಲ್ಕು ತಿರುವುಗಳಿವೆ, ಮತ್ತು ನಡೆಯುವಾಗ ನೆಲದ ಪೆಟ್ಟನ್ನು ನುಂಗಿಕೊಳ್ಳುವುದು ಈ ತಿರುವುಗಳೇ. ಮಣಿಗಳು ಒಂದಕ್ಕೊಂದು ಬೆಸೆದು ಬಿದಿರಿನ ಗಳದಂತೆ ಸೆಟೆದುಕೊಂಡರೆ ಅದಕ್ಕೆ ವೈದ್ಯರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ, ಎಕ್ಸ್‌ರೇಯಲ್ಲಿ ಕಂಡ ಆ ರೂಪಕ್ಕೆ ಬಿದಿರು ಬೆನ್ನೆಂದೇ ಹೆಸರು. ಎಂದೂ ಬಗ್ಗದ ಬೆನ್ನು ಶರೀರಶಾಸ್ತ್ರದಲ್ಲಿ ಒಂದು ಕಾಯಿಲೆ.

ಇನ್ನೂ ಒಂದು ಮಾತು. ಈ ಮಣಿಗಳ ಗೋಪುರ ತಾನಾಗಿ ನಿಲ್ಲುವುದೂ ಇಲ್ಲ. ಮೃತದೇಹದ ಸೊಂಟದ ಭಾಗದಿಂದ ಮಾಂಸಖಂಡಗಳನ್ನೆಲ್ಲ ಬಿಡಿಸಿ, ಮೂಳೆ, ಡಿಸ್ಕು ಮತ್ತು ಅಸ್ಥಿರಜ್ಜುಗಳನ್ನಷ್ಟೇ ಉಳಿಸಿ, ಮೇಲಿಂದ ಭಾರ ಹೇರುತ್ತ ಹೋದ ಪ್ರಯೋಗಗಳಿವೆ. ಸುಮಾರು 90 ನ್ಯೂಟನ್‌ಗೆ, ಅಂದರೆ ಒಂಬತ್ತು ಕೆ.ಜಿ.ಯ ಆಸುಪಾಸಿಗೆ, ಅದು ಮಡಚಿಕೊಂಡಿತು. ಹತ್ತು ಕೆ.ಜಿ. ಅಕ್ಕಿಚೀಲವನ್ನೂ ತಡೆಯಲಿಲ್ಲ. ಬದುಕಿರುವವರಲ್ಲಿ ಅದೇ ಸೊಂಟ ಭಾರ ಎತ್ತುವಾಗ ಸಾವಿರಾರು ನ್ಯೂಟನ್ ಒತ್ತಡ ತಾಳುತ್ತದೆ. ವ್ಯತ್ಯಾಸ ಮಾಡಿದ್ದು ಸುತ್ತಲಿನ ಸ್ನಾಯುಗಳು. ಯಕ್ಷಗಾನದ ಡೇರೆ ಮೇಳದವರು ನಡುಗಂಬ ನೆಡುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾದೀತು: ಕಂಬ ಎತ್ತಿ ನಿಲ್ಲಿಸುವುದು ಮೊದಲ ಕೆಲಸವಷ್ಟೇ, ಅದು ನಿಂತಿರುವುದು ನಾಲ್ಕು ಕಡೆ ಎಳೆದು ಗೂಟಕ್ಕೆ ಕಟ್ಟಿದ ಹಗ್ಗಗಳಿಂದ. ಹೀಗೆ ನೋಡಿದರೆ ಒಬ್ಬಂಟಿಯಾಗಿ ನೆಟ್ಟಗೆ ನಿಂತ ಬೆನ್ನೆಲುಬಿಗಿಂತ ನಮ್ಮ ಹಳೆಯ ಬೆಂಬಲವೇ ಅಂಗರಚನೆಗೆ ಹತ್ತಿರ.

ಬೆನ್ನುಮೂಳೆ ಇಲ್ಲದವನು ಎಂಬ ಬೈಗುಳದಲ್ಲೂ ಸ್ವಲ್ಪ ಅನ್ಯಾಯವಿದೆ. ಪ್ರಾಣಿಗಳನ್ನು ಬೆನ್ನುಮೂಳೆ ಇರುವವು, ಇಲ್ಲದವು ಎಂದು ಎರಡು ಪಾಲು ಮಾಡುವ ಪದ್ಧತಿಗೆ ನೆಲೆ ಒದಗಿಸಿದವನು ಫ್ರಾನ್ಸಿನ ಲಾಮಾರ್ಕ್, 18ನೇ ಶತಮಾನದ ಕೊನೆಯಲ್ಲಿ. ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಹುಳು, ಕೀಟ, ಮೃದ್ವಂಗಿಗಳ ವಿಭಾಗ ಅವನ ಪಾಲಿಗೆ ಬಂತು. ಅವನು ಅಲ್ಲಿ ಕಟ್ಟಿದ್ದು ಒಂದು ಹೊಸ ಶಾಸ್ತ್ರವನ್ನೇ. ಗೊತ್ತಿರುವ ಪ್ರಾಣಿಪ್ರಭೇದಗಳಲ್ಲಿ ಬೆನ್ನುಮೂಳೆ ಇರುವವು ನೂರಕ್ಕೆ ಐದೂ ಇಲ್ಲ. ಜೇನುಹುಳ, ಗೆದ್ದಲು, ಜೇಡ, ಏಡಿ ಎಲ್ಲವೂ ಇಲ್ಲದ ಪಾಳಯದವು. ಸುಮಾರು 50 ಕೋಟಿ ನರಕೋಶಗಳಿರುವ, ಮುಚ್ಚಳ ತಿರುಗಿಸಿ ಸೀಸೆಯೊಳಗಿನ ಏಡಿಯನ್ನು ಹಿಡಿಯುವ ಆಕ್ಟೋಪಸ್ ಕೂಡ ಅಲ್ಲಿಯದೇ. ಇನ್ನೊಂದು ತುದಿಯಲ್ಲಿ ಆಮೆ. ಅದರ ಮೇಲುಚಿಪ್ಪು ಮೈಮೇಲೆ ಹೊದ್ದ ಕವಚವಲ್ಲ, ಬೆನ್ನೆಲುಬೂ ಪಕ್ಕೆಲುಬೂ ಹರಡಿ ಬೆಸೆದು ಆದದ್ದು. ಆಮೆ ಚಿಪ್ಪು ಬಿಟ್ಟು ಹೊರಗೆ ಬರುವುದು ಚಿತ್ರಕಥೆಯಲ್ಲಿ ಮಾತ್ರ ಸಾಧ್ಯ. ಮಂದರ ಪರ್ವತವನ್ನು ಹೊರಲು ಪುರಾಣದವರು ಹುಡುಕಿ ಹುಡುಕಿ ಆಮೆಯ ಬೆನ್ನನ್ನೇ ಆರಿಸಿದ್ದು ಎಷ್ಟು ಸರಿಯಾಗಿದೆ ನೋಡಿ.

ಬೆನ್ನಿನ ಬಗ್ಗೆ ಜನ ನಿಜಕ್ಕೂ ಮಾತಾಡುವುದು ಅದು ನೋಯುವಾಗ. ಜಗತ್ತಿನಲ್ಲಿ 2020ರಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವಿತ್ತು, 2050ಕ್ಕೆ ಇದು 84.3 ಕೋಟಿ ತಲುಪಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರಾವ ಒಂದು ತೊಂದರೆಯೂ ಇಷ್ಟು ಜನರನ್ನು ಕೆಲಸಕ್ಕೆ ಬಾರದಂತೆ ಮಾಡುವುದಿಲ್ಲ. ನಮ್ಮಲ್ಲಿ ಇದಕ್ಕೆ ಮಾತೂ ಬಗೆಬಗೆ, ಮದ್ದೂ ಬಗೆಬಗೆ. ಸೊಂಟ ಹಿಡಿದಿದೆ, ಉಳುಕಿದೆ, ನರ ಎಳೆದಿದೆ. ಕಾಲು ಮುಂದಾಗಿ ಹುಟ್ಟಿದವರ ಕೈಲಿ, ತಪ್ಪು, ಕಾಲಲ್ಲಿ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಹೀಗೆ ಹುಟ್ಟಿದ ಒಬ್ಬ ಹೈಸ್ಕೂಲು ಹುಡುಗನನ್ನು ನಾನು ಬಲ್ಲೆ. ಬೆಳಿಗ್ಗೆ ಟ್ಯೂಷನ್ನಿಗೆ ಹೊರಟವನನ್ನು ಬಾಗಿಲಲ್ಲೇ ತಡೆದು ಓಣಿಯ ಹಿರಿಯರೊಬ್ಬರು ಗೋಡೆಗೆ ಕೈಕೊಟ್ಟು ಬೆನ್ನು ಮಾಡಿ ನಿಲ್ಲುತ್ತಿದ್ದರು. ಅವನು ಚಪ್ಪಲಿ ಬಿಟ್ಟು, ಒಮ್ಮೆ ಮುಟ್ಟಿ ನಮಸ್ಕರಿಸಿ, ಆಮೇಲೆ ಮೂರು ಸಲ ಮೆಲ್ಲಗೆ ಒದೆಯುತ್ತಿದ್ದ. ಗುಣವಾಗುತ್ತಿತ್ತು ಎಂದು ಅವರು ಹೇಳುತ್ತಿದ್ದದ್ದೂ ಸುಳ್ಳಲ್ಲ. ಏಕಾಏಕಿ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ಒದ್ದರೂ ಬಿಡುತ್ತದೆ, ಒದೆಯದಿದ್ದರೂ.

ಈಗ ಆ ಜಾಗಕ್ಕೆ ಎಂಆರ್‌ಐ ಬಂದಿದೆ. ಡಿಸ್ಕ್ ಸ್ಲಿಪ್ ಆಗಿದೆ ಎಂಬ ಮಾತು ಮನೆಮಾತಾದದ್ದು ಇತ್ತೀಚೆಗೆ. 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬಿಬ್ಬರು ವೈದ್ಯರು, ಡಿಸ್ಕಿನ ಒಳಭಾಗ ಹೊರಕ್ಕೆ ಉಬ್ಬಿ ನರವನ್ನು ಒತ್ತುವುದರಿಂದ ಸೊಂಟದಿಂದ ಕಾಲಿಗೆ ಇಳಿಯುವ ನೋವು ಬರುತ್ತದೆ ಎಂದು ತೋರಿಸಿದರು. ಅದಕ್ಕೂ ಮುಂಚೆ ಆ ಉಬ್ಬನ್ನು ಗೆಡ್ಡೆಯೆಂದು ತಿಳಿಯುತ್ತಿದ್ದರು. ಅದೊಂದು ದೊಡ್ಡ ತಿಳಿವು, ನಿಜ. ಆದರೆ ಅಲ್ಲಿಂದಾಚೆ ಪ್ರತಿ ಬೆನ್ನುನೋವಿಗೂ ಡಿಸ್ಕನ್ನೇ ಹಿಡಿದು ಬೈಯುವ ರೂಢಿಯಾಯಿತು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕು ಸವೆದಿತ್ತು, ಎಂಬತ್ತರವರಲ್ಲಿ 96. ಉಬ್ಬಿದ ಡಿಸ್ಕುಗಳ ಲೆಕ್ಕ 30ರಿಂದ 84ಕ್ಕೆ ಏರಿತ್ತು. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ಸವೆತ ನರೆಗೂದಲ ಜಾತಿಯದೂ ಆಗಿರಬಹುದು. ವರದಿ ಓದಿ ಹೆದರಿ ಮಲಗಿದವರ ನೋವು ಹೆಚ್ಚುತ್ತದೆಯೇ ವಿನಾ ಇಳಿಯುವುದಿಲ್ಲ. ಮಲಗುವುದರ ಬಗ್ಗೆಯೂ ವೈದ್ಯಲೋಕ ಮಾತು ಬದಲಿಸಿದೆ. 1986ರ ಒಂದು ಪ್ರಯೋಗದಲ್ಲಿ ಎರಡು ದಿನ ಮಲಗಿದವರೂ ಏಳು ದಿನ ಮಲಗಿದವರೂ ಒಂದೇ ಸಮ ಗುಣವಾದರು, ಎರಡು ದಿನದವರು ಕೆಲಸಕ್ಕೆ ಬೇಗ ಮರಳಿದರು, ಅಷ್ಟೇ. ಈಗ ಹೇಳುವುದು ಆದಷ್ಟು ಓಡಾಡಿ ಎಂದು. ಹಾಗೆಂದು ಎಲ್ಲ ಬೆನ್ನುನೋವೂ ಒಂದೇ ಅಲ್ಲ. ಜ್ವರದ ಜೊತೆ ಬಂದದ್ದು, ಕಾಲಿನ ಶಕ್ತಿ ಕುಂದಿಸಿದ್ದು, ಮೂತ್ರದ ಹಿಡಿತ ತಪ್ಪಿಸಿದ್ದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದದ್ದು. ಬೆನ್ನೆಲುಬಿನ ಕ್ಷಯವನ್ನು ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ. ನಮ್ಮ ದೇಶದಲ್ಲಿ ಅದು ಇನ್ನೂ ಹಳೆಯ ಪುಸ್ತಕದ ಕಾಯಿಲೆಯಾಗಿಲ್ಲ.

ಹೆಂಗಸರ ಮಾತಿನಲ್ಲಿ ಪದೇ ಪದೇ ಬರುವ ಇನ್ನೊಂದು ದೂರಿದೆ. ಹೆರಿಗೆ ಆಪರೇಷನ್ ಹೊತ್ತಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರಲ್ಲ, ಅಂದಿನಿಂದ ಸೊಂಟ ನಿಲ್ಲಲೇ ಇಲ್ಲ ಎಂಬುದು. ಈ ಅರಿವಳಿಕೆಯನ್ನು ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಶುರುಮಾಡಿದ. ಬೆನ್ನುಹುರಿ ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿದುಹೋಗುತ್ತದೆ. ಸೂಜಿ ಇಳಿಯುವುದು ಅದಕ್ಕಿಂತ ಕೆಳಗೆ, ಹುರಿಯಿಲ್ಲದ, ಬರಿ ನರಗಳು ದ್ರವದಲ್ಲಿ ತೇಲುವ ಜಾಗಕ್ಕೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು. ವರ್ಷಗಟ್ಟಲೆ ಉಳಿಯುವ ನೋವಿಗೂ ಈ ಸೂಜಿಗೂ ಸಂಬಂಧ ಕಂಡುಬಂದಿಲ್ಲ. ಆದರೆ ದೂರು ಹುಸಿಯಲ್ಲ, ಆರೋಪಿ ಮಾತ್ರ ಬೇರೆ. ಒಂಬತ್ತು ತಿಂಗಳು ಹೊಟ್ಟೆ ಮುಂದಕ್ಕೆ ಎಳೆದು ಸೊಂಟದ ಬಾಗು ಹೆಚ್ಚಿರುತ್ತದೆ, ಹೊಟ್ಟೆಯ ಸ್ನಾಯುಗಳು ಸಡಿಲಗೊಂಡಿರುತ್ತವೆ, ಆಮೇಲೆ ರಾತ್ರಿಯಿಡೀ ಬಗ್ಗಿ ಹಾಲೂಡಿಸಬೇಕು, ಮಗುವನ್ನು ಎತ್ತಬೇಕು, ನೀರು ಹೊರಬೇಕು. ಡೇರೆಯ ಹಗ್ಗಗಳೇ ಸಡಿಲಾದ ಹೊತ್ತಿನಲ್ಲಿ ಭಾರ ಹೆಚ್ಚಾಯಿತು. ಇದನ್ನು ಯಾರ ಮೇಲೆ ಹಾಕುವುದು? ಸೂಜಿಯ ಮೇಲೆ ಹಾಕುವುದು ಮನೆಯವರಿಗೆಲ್ಲ ಅನುಕೂಲ.

ಬೆನ್ನಿನ ಚಿಕಿತ್ಸೆಯ ಲೋಕದಲ್ಲಿ ನಮ್ಮ ನಾಡಿನ ಒಂದು ಪಾಲಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಯೋಗಶಾಸ್ತ್ರ ಬೆನ್ನೆಲುಬನ್ನು ಮೇರುದಂಡ ಎಂದು ಕರೆದು, ಲೋಕದ ನಡುವಿನ ಮೇರುವನ್ನು ಮೈಯೊಳಗೆ ತಂದು ನಿಲ್ಲಿಸಿ, ಅದರೊಳಗೆ ಸುಷುಮ್ನೆಯನ್ನೂ ಎಡಬಲದಲ್ಲಿ ಇಡಾ ಪಿಂಗಳೆಯರನ್ನೂ ಹರಿಸಿತು. ಈ ನಾಡಿಗಳನ್ನು ಬೆನ್ನುಹುರಿ ಮತ್ತದರ 31 ಜೋಡಿ ನರಗಳ ಜೊತೆ ಒಂದಕ್ಕೊಂದು ತಾಳೆ ಹಾಕುವ ಉತ್ಸಾಹ ನನಗೆ ಒಪ್ಪಿಗೆಯಲ್ಲ. ಎರಡೂ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ಆದರೆ ಆಸನಗಳ ಪರೀಕ್ಷೆ ಬೇರೆ ಸಂಗತಿ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೀರ್ಘಕಾಲದ ಸೊಂಟನೋವಿನವರಿಗೆ ಕಲಿಸಿದ್ದು ಕೃಷ್ಣಮಾಚಾರ್ಯರ ಪರಂಪರೆಯ ವಿನಿಯೋಗ ಪದ್ಧತಿ. ಇಂಥ ಪ್ರಯೋಗಗಳನ್ನೆಲ್ಲ ತೂಗಿದ ಕಾಕ್ರೇನ್ ಸಮೀಕ್ಷೆ, ವ್ಯಾಯಾಮವನ್ನೇ ಮಾಡದವರಿಗಿಂತ ಯೋಗ ಮಾಡಿದವರ ಓಡಾಟ ಸಣ್ಣ ಅಥವಾ ಮಧ್ಯಮ ಪ್ರಮಾಣದಲ್ಲಿ ಸುಧಾರಿಸಿತು ಎಂದಿತು. ಪವಾಡವೇನಿಲ್ಲ. ಸ್ನಾಯುಗಳಿಗೆ ಕೆಲಸ ಕೊಟ್ಟದ್ದರ ಫಲ.

ಬಾಗಿದ ಬೆನ್ನಿಗೆ ಕಥೆಗಾರರು ಮಾಡಿದ ಅನ್ಯಾಯ ದೊಡ್ಡದು. ಮಂಥರೆಯ ಗೂನಿಗೂ ಅವಳ ಕುಹಕಕ್ಕೂ ಏನು ಸಂಬಂಧ? ಆದರೂ ಗೂನಿ ಎನ್ನದೆ ಅವಳ ಹೆಸರು ಹೇಳುವವರಿಲ್ಲ. ಇಂಗ್ಲೆಂಡಿನ ಮೂರನೆಯ ರಿಚರ್ಡ್‌ನ ಪ್ರಕರಣ ಇದಕ್ಕಿಂತ ಕುತೂಹಲದ್ದು. 1485ರಲ್ಲಿ ಯುದ್ಧದಲ್ಲಿ ಸತ್ತ ಅವನನ್ನು ಶೇಕ್ಸ್‌ಪಿಯರ್ ಗೂನುಬೆನ್ನಿನ ಖಳನನ್ನಾಗಿ ರಂಗಕ್ಕೆ ತಂದ. ನಂತರದವರು ಅದು ಶತ್ರುಗಳು ಕಟ್ಟಿದ ಕಥೆ, ಅವನ ಬೆನ್ನು ಸರಿಯಾಗಿಯೇ ಇತ್ತು ಎಂದು ವಾದಿಸಿದರು. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ ಅವನ ಅಸ್ಥಿಪಂಜರವೇ ಸಿಕ್ಕಿತು. ಬೆನ್ನೆಲುಬು ಪಕ್ಕಕ್ಕೆ 65ರಿಂದ 85 ಡಿಗ್ರಿಯಷ್ಟು ಬಾಗಿ ತಿರುಚಿತ್ತು. ಅದು ಸ್ಕೋಲಿಯೋಸಿಸ್, ಗೂನಲ್ಲ. ಬಲ ಹೆಗಲು ತುಸು ಎತ್ತರವಾಗಿ ಕಂಡಿರಬಹುದು, ಒಳ್ಳೆಯ ದರ್ಜಿ ಅದನ್ನು ಮುಚ್ಚಿಬಿಡಬಹುದಿತ್ತು ಎಂದರು ಪರೀಕ್ಷಿಸಿದವರು. ಎರಡೂ ಪಕ್ಷದವರು ತಪ್ಪಿದ್ದರು. ನಮ್ಮ ಪುರಾಣ ಮಂಥರೆಯ ಎದುರಿಗೆ ಅಷ್ಟಾವಕ್ರನನ್ನೂ ಇಟ್ಟಿದೆ ಎಂಬುದೊಂದು ಸಮಾಧಾನ. ಎಂಟು ಕಡೆ ಸೊಟ್ಟಗಿದ್ದವನು ಜನಕನ ಆಸ್ಥಾನದಲ್ಲಿ ವಾದಕ್ಕೆ ನಿಂತಾಗ ಯಾರ ತರ್ಕವೂ ಅವನ ಮುಂದೆ ನೆಟ್ಟಗೆ ನಿಲ್ಲಲಿಲ್ಲ.

ಬೆನ್ನು ಬಾಗುವುದೆಂದರೆ ಶರಣಾಗುವುದು ಎಂದು ಬರೆಯುವ ನಾವು ಇನ್ನೊಂದು ಬಾಗನ್ನು ಮರೆಯುತ್ತೇವೆ. ನಾಟಿಯ ಗದ್ದೆಯಲ್ಲಿ ಹೆಂಗಸರು ಇಡೀ ದಿನ ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಎಪಿಎಂಸಿ ಯಾರ್ಡಿನ ಹಮಾಲಿ ಲಾರಿಗೆ ಬೆನ್ನು ಕೊಟ್ಟು, ಮೊಣಕಾಲು ತುಸು ಮಡಚಿ, ತಲೆಗೆ ಕಟ್ಟಿದ ಟವೆಲಿನ ಮೇಲೆ ಮೂಟೆಯ ಮೂಲೆ ಕೂರಿಸಿಕೊಂಡು ಕೊಕ್ಕೆಯಿಂದ ಹಿಡಿಯುತ್ತಾನೆ. ಒಬ್ಬನ ಮೇಲೆ ಹೇರುವ ಹೊರೆ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ನಮ್ಮ ಮಂಡಿಗಳಲ್ಲಿ ಕ್ವಿಂಟಾಲ್ ಮೂಟೆ ಹೊರುವ ಕಾಲ ಅದಾದ ಮೇಲೂ ಬಹಳ ವರ್ಷ ನಡೆಯಿತು.

ವಸ್ತುಗಳ ಬೆನ್ನಿಗೆ ಬಂದರೆ, ಪುಸ್ತಕದ ಬೆನ್ನು ಕಾಗದದ ಪುಸ್ತಕದ ಜೊತೆ ಬಂದದ್ದು. ಓಲೆಗರಿಯ ಕಟ್ಟಿಗೆ ತೂತು ಕೊರೆದು ದಾರ ಪೋಣಿಸುತ್ತಿದ್ದರು, ಮೇಲೂ ಕೆಳಗೂ ಹಲಗೆ. ಅದಕ್ಕೆ ಬೆನ್ನೇ ಇಲ್ಲ. ಯೂರೋಪಿನಲ್ಲೂ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲದಲ್ಲಿ ಬೆನ್ನು ಒಳಕ್ಕಿರುತ್ತಿತ್ತು, ಹಾಳೆಗಳ ಅಂಚು ಹೊರಕ್ಕೆ. ಬೆನ್ನು ಹೊರಗೆ ಮಾಡಿ ಅದರ ಮೇಲೆ ಹೆಸರು ಬರೆಯುವ ರೂಢಿ ಮುದ್ರಣ ಬಂದ ಮೇಲೆ ನಿಧಾನವಾಗಿ ನೆಲೆಗೊಂಡಿತು. ಹೀಗೆ ಬೆನ್ನೇ ಮುಖವಾದ ಏಕೈಕ ವಸ್ತು ಪುಸ್ತಕ. ಎಂಬತ್ತು ಪುಟದ ಕವನ ಸಂಕಲನಕ್ಕೆ ನಡುವೆ ಎರಡು ಪಿನ್ನು ಹೊಡೆದು ಕಳಿಸಿದರೆ ಅದು ಗ್ರಂಥಾಲಯದ ಕಪಾಟಿನಲ್ಲಿ ಅನಾಮಿಕ, ಎಷ್ಟು ಒಳ್ಳೆಯ ಬೆನ್ನುಡಿ ಇದ್ದರೂ. ಬೆಟ್ಟಗಳ ವಿಷಯದಲ್ಲಿ ಇಟಲಿಯವರು ಅಪೆನೈನ್ ಸಾಲನ್ನು, ಇಂಗ್ಲಿಷರು ಪೆನೈನ್ ಸಾಲನ್ನು ದೇಶದ ಬೆನ್ನೆಲುಬು ಎಂದು ಕರೆದುಕೊಂಡರು. ಸುಮಾರು 1,600 ಕಿ.ಮೀ. ಉದ್ದದ ಸಹ್ಯಾದ್ರಿಯನ್ನು ಹಾಗೆ ಕರೆಯುವ ಭಾಷಣಗಳು ನಮ್ಮಲ್ಲೂ ಉಂಟು. ಆದರೆ ಅಲ್ಲಿಯ ಜನ ಗುಡ್ಡಗಳಿಗೆ ಹೆಸರಿಟ್ಟಾಗ ಕಂಡದ್ದು ಕುದುರೆಯ ಮುಖ, ಎತ್ತಿನ ಭುಜ. ನನಗೆ ಆ ಹೆಸರುಗಳೇ ಇಷ್ಟ.

ಬೆನ್ನಿನ ಮೇಲಿನ ಗಾಯದ ಮಾತು ದಕ್ಷಿಣದ ಭಾಷೆಗಳಲ್ಲಿ ಬಹಳ ಹಳೆಯದು. ಬೆನ್ನು ತೋರಿಸುವುದು ಎಂದರೆ ಇಂದಿಗೂ ಓಡಿಹೋಗುವುದು. ಎದೆಯ ಗಾಯ ಕೀರ್ತಿ, ಬೆನ್ನಿನ ಗಾಯ ನಾಚಿಕೆ. ತಮಿಳಿನ ಪುರನಾನೂರು ಸಂಕಲನದಲ್ಲಿ ಚೇರ ದೊರೆಯೊಬ್ಬನ ಪ್ರಸಂಗವಿದೆ. ವೆಣ್ಣಿಯ ಯುದ್ಧದಲ್ಲಿ ಚೋಳ ಕರಿಕಾಲನ ಎದುರು ನಿಂತು ಕಾದುವಾಗ ಅವನ ಬೆನ್ನಿಗೆ ಗಾಯವಾಯಿತು. ಎದೆಗೆ ನೆಟ್ಟ ಆಯುಧವೇ ಹಿಂದಕ್ಕೆ ತೂರಿ ಬಂದದ್ದು ಎಂದು ಹೇಳುತ್ತಾರೆ. ಅಂದರೆ ಅವನು ಬೆನ್ನು ತೋರಿಸಿರಲಿಲ್ಲ. ಆದರೂ ಗುರುತು ಬೆನ್ನ ಮೇಲಿತ್ತು. ಅವನು ಉತ್ತರಕ್ಕೆ ಮುಖಮಾಡಿ ಉಪವಾಸ ಕೂತು ಪ್ರಾಣಬಿಟ್ಟ. ಅದನ್ನು ಹಾಡಿದ ಕವಿಗಳಿಗೆ ಗೆದ್ದವನಿಗಿಂತ ಇವನ ಮೇಲೆಯೇ ಹೆಚ್ಚು ಪ್ರೀತಿ. ಕಾಲ ಬದಲಾದಂತೆ ನಾಚಿಕೆ ಪಕ್ಷಾಂತರ ಮಾಡಿದೆ. ಇಂದು ಬೆನ್ನಿಗೆ ಚೂರಿ ಎಂದರೆ ಅವಮಾನ ಇರಿಸಿಕೊಂಡವನದಲ್ಲ, ಇರಿದವನದು. ತೆಲುಗಿನಲ್ಲಿ ಇದಕ್ಕೆ ವೆನ್ನುಪೋಟು ಎನ್ನುತ್ತಾರೆ. 1995ರಲ್ಲಿ ಎನ್.ಟಿ. ರಾಮರಾವ್ ಸ್ವಂತ ಪಕ್ಷದವರಿಂದಲೇ ಅಧಿಕಾರ ಕಳೆದುಕೊಂಡ ಮೇಲೆ ಆ ಮಾತಿಲ್ಲದೆ ಅಲ್ಲಿ ಒಂದು ಚುನಾವಣೆಯೂ ನಡೆದಿಲ್ಲ.

ರೈತ ದೇಶದ ಬೆನ್ನೆಲುಬು ಎಂಬ ಮಾತನ್ನು ಇಲ್ಲಿ ಬಿಡುವಂತಿಲ್ಲ. ಟ್ರ್ಯಾಕ್ಟರಿನ ಹಿಂದೆ, ಸಹಕಾರ ಸಂಘದ ಗೋಡೆಯ ಮೇಲೆ, ಮಂತ್ರಿಗಳ ಭಾಷಣದಲ್ಲಿ ಎಲ್ಲೆಡೆ ಇದೆ. ಲೆಕ್ಕ ನೋಡಿದರೆ ದೇಶದ ದುಡಿಯುವವರಲ್ಲಿ ನೂರಕ್ಕೆ ಸುಮಾರು 46 ಮಂದಿ ಕೃಷಿಯಲ್ಲಿದ್ದಾರೆ, ದೇಶದ ಉತ್ಪನ್ನದ ಮೌಲ್ಯದಲ್ಲಿ ಕೃಷಿಯ ಪಾಲು ಸುಮಾರು 18. ಭಾರ ಯಾರ ಮೇಲಿದೆ, ಗಳಿಕೆ ಎಲ್ಲಿದೆ ಎಂಬುದಕ್ಕೆ ಈ ಎರಡು ಅಂಕಿ ಸಾಕು. ಕನ್ನಡ ಇಲ್ಲಿ ತಾನಾಗಿಯೇ ಒಂದು ಚಮತ್ಕಾರ ಮಾಡಿದೆ: ಈ ಬೆನ್ನೆಲುಬು ಸರ್ಕಾರದ ಮುಂದೆ ನಿಂತು ಕೇಳುವುದು ಬೆಂಬಲ ಬೆಲೆ. 1966-67ರಲ್ಲಿ ಗೋಧಿಯಿಂದ ಶುರುವಾದ ಈ ವ್ಯವಸ್ಥೆ ಈಗ ಕಾಗದದ ಮೇಲೆ 22 ಬೆಳೆಗಳಿಗಿದೆ. ಟೊಮೆಟೊ, ಈರುಳ್ಳಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದವಕ್ಕಾದರೂ ಖರೀದಿ ಕೇಂದ್ರ ಸಮಯಕ್ಕೆ ತೆರೆಯಬೇಕು, ತೇವಾಂಶ ಪರೀಕ್ಷೆಯಲ್ಲಿ ರಾಗಿ ಪಾಸಾಗಬೇಕು, ಗೋಣಿಚೀಲ ಬಂದಿರಬೇಕು. ಬೆಂಬಲ ಬೆಲೆಗೆ ಸರ್ಕಾರಿ ಸಂಸ್ಥೆಗಳಿಗೆ ಮಾರಿದವರು ದೇಶದ ರೈತರಲ್ಲಿ ನೂರಕ್ಕೆ 6 ಮಂದಿ ಮಾತ್ರ ಎಂದು 2015ರಲ್ಲಿ ಶಾಂತಕುಮಾರ್ ಸಮಿತಿ ವರದಿ ಮಾಡಿತು. ಉಳಿದ ಬೆನ್ನೆಲುಬಿಗೆ ಘೋಷಣೆಯೇ ಗತಿ.

ಕೊನೆಗೆ ಎದೆಗಾರಿಕೆಯ ಬೆನ್ನೆಲುಬು. ನಮ್ಮ ಸಾರ್ವಜನಿಕ ಬದುಕಿನಲ್ಲಿ ಇದರ ಅತಿ ಸ್ಪಷ್ಟ ಪರೀಕ್ಷೆ ನಡೆದದ್ದು 1975ರಿಂದ 77ರ ತುರ್ತುಪರಿಸ್ಥಿತಿಯಲ್ಲಿ. ಬಗ್ಗಿ ಎಂದಾಗ ಪತ್ರಿಕೆಗಳು ತೆವಳಿದವು ಎಂಬ ಅರ್ಥದ ಅಡ್ವಾಣಿಯವರ ಮಾತು ಆಗಿನ ಬೆನ್ನುಗಳಿಗೆ ಅಂಟಿಕೊಂಡಿತು. ಸ್ವತಃ ಅವರು ಆಗ ಬೆಂಗಳೂರಿನ ಜೈಲಿನಲ್ಲಿದ್ದರು. ಅದೇ ಜೈಲಿನಲ್ಲಿ ಸಂಸ್ಕಾರ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು ನ್ಯಾಯಾಲಯದ ಬಾಗಿಲು ತಟ್ಟಬಹುದೇ ಎಂಬ ಪ್ರಶ್ನೆಗೆ ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ತಟ್ಟಬಹುದು ಎಂದಿದ್ದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಎಡಿಎಂ ಜಬಲ್ಪುರ ಎಂಬ ಹೆಸರಿನಲ್ಲಿ. ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು: ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ? ತುರ್ತುಪರಿಸ್ಥಿತಿ ಇರುವತನಕ ಇಲ್ಲ ಎಂಬ ಉತ್ತರ ಬಂತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನರಾದರು. ಅದಕ್ಕೆ ಸ್ವಲ್ಪ ಮುಂಚೆ ಹರಿದ್ವಾರದಲ್ಲಿ ತಂಗಿಯ ಹತ್ತಿರ, ನಾನು ಬರೆದಿರುವ ತೀರ್ಪು ನನಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿಸಲಿದೆ ಎಂದು ಹೇಳಿದ್ದನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹಾಗೇ ಆಯಿತು. 1977ರ ಜನವರಿಯಲ್ಲಿ ಅವರನ್ನು ದಾಟಿ ಎಂ.ಎಚ್. ಬೇಗ್ ಅವರನ್ನು ಆ ಸ್ಥಾನಕ್ಕೆ ತಂದರು. ಖನ್ನಾ ರಾಜೀನಾಮೆ ಕೊಟ್ಟರು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ, ಒಬ್ಬನೇ ನಿಂತವನ ಕಥೆಯಾಗಿ. ನನಗದು ಅರ್ಧ ಎನಿಸುತ್ತದೆ. ಖನ್ನಾ ಅವರ ಹಿಂದೆ ಒಂಬತ್ತು ಹೈಕೋರ್ಟುಗಳ ನ್ಯಾಯಾಧೀಶರಿದ್ದರು. ಅವರಲ್ಲಿ ಕೆಲವರು ವರ್ಗಾವಣೆಯ ಬೆಲೆ ತೆತ್ತರು, ಅವರ ಹೆಸರು ಈಗ ವಕೀಲರಿಗೂ ನೆನಪಿಲ್ಲ. ಮುಂದೆ ಇನ್ನೂ ಯಾರೋ ಬರಬೇಕಿತ್ತು. ಭಿನ್ನಮತದ ತೀರ್ಪು ಕಾನೂನಲ್ಲ. 41 ವರ್ಷ ಅದು ಕಾನೂನು ವರದಿಯ ಸಂಪುಟದಲ್ಲಿ ಬರಿ ಒಂದು ಅಭಿಪ್ರಾಯವಾಗಿಯೇ ಉಳಿದಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರುತ್ತ ಜಬಲ್ಪುರ ತೀರ್ಪನ್ನು ಅಳಿಸಿಹಾಕಿತು. ಆ ಮಾತನ್ನು ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ವೈ.ವಿ. ಚಂದ್ರಚೂಡ್ 1976ರ ಆ ನಾಲ್ವರಲ್ಲಿ ಒಬ್ಬರು. ಪೀಠದ ಮುಂದೆ ಪ್ರಕರಣ ಬಂದದ್ದು ಆಧಾರ್ ವಿರುದ್ಧ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ.